ಟಗರು ಅಲುಗಿಸಿದ ಹಲ್ಲು

ನನಗೊಂದು ಚಟವಿದೆ. ಬೀಡಿ, ಎಲೆ ಅಡಿಕೆ, ಇಸ್ಪೀಟು ಯಾವುದೂ ಅಲ್ಲ. ಯಾರೇ ಎದುರು ಬಂದರೂ ಮೊದಲು ಅವರ ಹಲ್ಲು ನೋಡುತ್ತೇನೆ. ಮುಖ ಆಮೇಲೆ, ಹೆಸರು ಅದಕ್ಕೂ ಆಮೇಲೆ. ಮೊನ್ನೆ ಬ್ಯಾಂಕಿನಲ್ಲಿ ಕೌಂಟರಿನಾಚೆ ಕುಳಿತ ಹೆಣ್ಣುಮಗಳು ನಗುತ್ತ ಏನು ಬೇಕಿತ್ತು ಎಂದು ಕೇಳಿದಾಗ, ನಾನು ಚೀಟಿ ಕೊಡುವುದನ್ನು ಮರೆತು ಆಕೆಯ ಬಲಗಡೆಯ ಕೋರೆಹಲ್ಲನ್ನೇ ನೋಡುತ್ತ ನಿಂತೆ. ಆಕೆ ತಟ್ಟನೆ ಬಾಯಿ ಮುಚ್ಚಿಕೊಂಡಳು. ಹಿಂದೆ ನಿಂತಿದ್ದ ಹೆಂಡತಿ ಸೊಂಟಕ್ಕೆ ತಿವಿದಳು. ಈ ವಯಸ್ಸಿನಲ್ಲಿ ಹೀಗೆಲ್ಲ ನೋಡಿದರೆ ಜನ ಏನೆಂದುಕೊಳ್ಳಬೇಕು ಎಂದು ಮನೆ ತಲುಪುವ ತನಕ ಪಾಠ ಮಾಡಿದಳು. ನಾನು ನೋಡಿದ್ದು ಹಲ್ಲನ್ನು ಮಾತ್ರ ಎಂದೆ. ಅದು ಇನ್ನೂ ಕೆಟ್ಟದ್ದಂತೆ.

ಇದು ನಾನೇ ಗಳಿಸಿದ ಚಟವಲ್ಲ, ಅಪ್ಪನಿಂದ ಬಂದ ಬಳುವಳಿ. ಅಪ್ಪ ದೇವದುರ್ಗ ತಾಲೂಕಿನ ಮಸರಕಲ್‌ನಲ್ಲಿ ಕುರಿ ಕಾಯುತ್ತಿದ್ದ. ಕುರಿಯವರಿಗೆ ಹಲ್ಲೇ ಜಾತಕ. ಕುರಿಯ ಬಾಯಿಯ ಪಕ್ಕದಿಂದ ಹೆಬ್ಬೆರಳು ತೂರಿಸಿ ತುಟಿ ಸರಿಸಿದರೆ ಸಾಕು, ಅದರ ವಯಸ್ಸು, ಅದು ಇನ್ನೆಷ್ಟು ವರ್ಷ ಮೇಯಬಲ್ಲದು, ಮಾರುವವನು ಎಷ್ಟು ಸುಳ್ಳು ಹೇಳುತ್ತಿದ್ದಾನೆ ಎಲ್ಲವೂ ಗೊತ್ತಾಗುತ್ತದೆ. ಮುಂದಿನ ದೊಡ್ಡ ಹಲ್ಲು ಎರಡು ಬಂದಿದ್ದರೆ ವರ್ಷ ದಾಟಿದ ಕುರಿ. ಆಮೇಲೆ ನಾಲ್ಕು, ಆರು, ಎಂಟು. ಎಂಟಾದರೆ ಬಾಯಿಗೂಡಿತು ಎನ್ನುತ್ತಾರೆ. ಅಲ್ಲಿಂದ ಮುಂದೆ ಹಲ್ಲು ಸವೆಯುವುದು, ಉದುರುವುದು. ಹಲ್ಲು ಹೋದ ಕುರಿ ಮೇಯಲಾರದು, ಹಿಂಡಿನಲ್ಲಿ ಉಳಿಯಲಾರದು. ಆದರೆ ಅಂಥದ್ದೊಂದು ಮುದಿ ಕುರಿಯನ್ನು ಅಪ್ಪ ಮಾರದೆ ಇಟ್ಟುಕೊಂಡಿರುತ್ತಿದ್ದ. ಸಂತೆಯಲ್ಲಿ ಯಾರಾದರೂ ಹೊಸ ಔಷಧ ಕೊಟ್ಟರೆ ಮೊದಲು ಅದಕ್ಕೇ ಕುಡಿಸುವುದು. ಒಂದು ದಿನ ಕಾಯುವುದು. ಅದು ಎದ್ದು ನಿಂತು ಸೊಪ್ಪಿಗೆ ಬಾಯಿ ಹಾಕಿದರೆ ಆಮೇಲೆ ಉಳಿದ ಹಿಂಡಿಗೆ.

ಕುರಿಗಳ ಮೇಲಿನ ಈ ವಿದ್ಯೆಯನ್ನು ಅಪ್ಪ ಮನುಷ್ಯರ ಮೇಲೂ ನಡೆಸುತ್ತಿದ್ದ. ಎಪ್ಪತ್ತರ ದಶಕದಲ್ಲಿ ನಾನು ದೇವದುರ್ಗದ ಹಾಸ್ಟೆಲಿನಲ್ಲಿದ್ದು ಹೈಸ್ಕೂಲು ಓದುತ್ತಿದ್ದಾಗ ಒಂದು ದಿನ ಅಪ್ಪ ಹೆಗಲ ಮೇಲೆ ಕಂಬಳಿ ಹಾಕಿಕೊಂಡು, ಕೈಯಲ್ಲಿ ಉಣ್ಣೆ ನೂಲುವ ಕದಿರು ತಿರುಗಿಸುತ್ತ ನನ್ನನ್ನು ನೋಡಲು ಶಾಲೆಗೆ ಬಂದ. ನೂಲು ಉದ್ದವಾದಾಗ ಮುಂದಿನ ಹಲ್ಲಿನಿಂದ ಪಟಕ್ಕನೆ ಕಡಿದು ಉಂಡೆಗೆ ಸುತ್ತುತ್ತಿದ್ದ. ಅವನ ಹಲ್ಲು ಅವನ ಕತ್ತರಿಯೂ ಆಗಿತ್ತು. ಅವತ್ತೇ ಶಾಲೆಯ ತನಿಖೆಗೆ ಇನ್ಸ್‌ಪೆಕ್ಟರು ಬಂದಿದ್ದರು. ತಮಗೆ ಇನ್ನೂ ನಾಲ್ಕು ವರ್ಷ ಸರ್ವಿಸ್ ಇದೆ ಎಂದು ಮಾಸ್ತರರ ಮುಂದೆ ಹೇಳಿಕೊಳ್ಳುತ್ತ ಬಾಯ್ತುಂಬ ನಕ್ಕರು. ಅಪ್ಪ ಬಗ್ಗಿ ನೋಡಿದ. ಆಮೇಲೆ ನನ್ನ ಕಡೆ ತಿರುಗಿ, ಇವರು ಬಾಯಿಗೂಡಿ ಬಹಳ ದಿನ ಆಯಿತು, ಇಷ್ಟು ಹೊತ್ತಿಗೆ ಮನೆಯಲ್ಲಿರಬೇಕಿತ್ತಲ್ಲ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಇನ್ಸ್‌ಪೆಕ್ಟರು ಅವತ್ತು ಮತ್ತೆ ನಗಲಿಲ್ಲ. ಚಿಕ್ಕಂದಿನಲ್ಲಿ ಶಾಲೆಗೆ ಸೇರಿಸುವಾಗ ಮನೆಯವರು ಅವರ ವಯಸ್ಸನ್ನು ಇಳಿಸಿ ಬರೆಸಿದ್ದರೆಂದು ಆಮೇಲೆ ಮಾಸ್ತರರೇ ನನಗೆ ಹೇಳಿದರು.

ಇಷ್ಟು ಹಲ್ಲು ಬಲ್ಲ ಮನುಷ್ಯ ತನ್ನ ಮಗನ ಹಲ್ಲನ್ನು ತಾನೇ ಕೆಡಿಸಿದ ಕತೆಯನ್ನು ಈಗ ಹೇಳಬೇಕು.

ನನಗಾಗ ಎಂಟು ವರ್ಷ. ನಮ್ಮ ಹಿಂಡಿನಲ್ಲಿ ದೊರೆ ಎಂಬ ಟಗರಿತ್ತು. ಅದನ್ನು ಮಾರಲು ಅಪ್ಪ ದೇವದುರ್ಗದ ಸಂತೆಗೆ ಹೊಡೆದುಕೊಂಡು ಹೋದ, ಜೊತೆಗೆ ನಾನು. ಕೊಳ್ಳುವವನಿಗೆ ಒಂದೇ ಅನುಮಾನ, ಇದು ಹಾಯುತ್ತದೋ ಏನೋ ಎಂದು. ಅಪ್ಪ ನನ್ನನ್ನು ಎತ್ತಿ ಟಗರಿನ ಮುಂದೆ ನಿಲ್ಲಿಸಿ, ಕೂಸು ನಿಂತರೂ ಏನೂ ಮಾಡುವುದಿಲ್ಲ, ಕಣ್ಣಾರೆ ನೋಡಿಕೊಳ್ಳಿ ಎಂದ. ದೊರೆ ಮೂರು ಹೆಜ್ಜೆ ಹಿಂದೆ ಸರಿಯಿತು. ನನ್ನನ್ನು ಕಂಡು ಹೆದರಿತು ಎಂದುಕೊಂಡು ನಾನು ಹಲ್ಲು ಕಿರಿದೆ. ಟಗರು ಹಿಂದೆ ಸರಿಯುವುದು ಯಾಕೆ ಎಂದು ಬಲ್ಲ ಅಪ್ಪ ಕೈ ಚಾಚುವಷ್ಟರಲ್ಲಿ ನಾನು ಪಕ್ಕದ ಮೆಣಸಿನಕಾಯಿ ಚೀಲದ ಮೇಲಿದ್ದೆ. ಮೇಲಿನ ಸಾಲಿನ ಎಡಗಡೆಯ ಮುಂದಿನ ಹಲ್ಲು ಅರ್ಧ ಹೊರಗೆ ಬಂದು ಜೋತಾಡುತ್ತಿತ್ತು. ಅಪ್ಪ ಕುರಿಗೆ ಔಷಧ ಕುಡಿಸುವಾಗ ಹಿಡಿಯುವ ಹಾಗೆ ನನ್ನ ತಲೆಯನ್ನು ಕಂಕುಳಲ್ಲಿ ಒತ್ತಿ ಹಿಡಿದು, ಹೆಬ್ಬೆರಳಿನಿಂದ ಹಲ್ಲನ್ನು ಒಳಗೆ ದೂಡಿ, ಅರ್ಧ ದಿನ ಆ ಬೆರಳು ತೆಗೆಯಲಿಲ್ಲ. ಒಂದು ಕೈ ನನ್ನ ಬಾಯಲ್ಲಿಟ್ಟುಕೊಂಡೇ ಇನ್ನೊಂದು ಕೈಯಲ್ಲಿ ವ್ಯಾಪಾರ ಮುಗಿಸಿದ. ಕೊಳ್ಳುವವನು ಹಿಂಜರಿಯಲಿಲ್ಲ, ಇಷ್ಟು ಚೆನ್ನಾಗಿ ಹಾಯುವ ಟಗರು ಕಾಳಗಕ್ಕಾಗುತ್ತದೆ ಎಂದು ಮೊದಲು ಹೇಳಿದ್ದಕ್ಕಿಂತ ಹೆಚ್ಚು ಕೊಟ್ಟು ಒಯ್ದ.

ಹಲ್ಲು ಉಳಿಯಿತು. ಆದರೆ ವರ್ಷಗಳು ಕಳೆದಂತೆ ಅದಕ್ಕೆ ಪೆನ್ಸಿಲ್ ಸೀಸದ ಬಣ್ಣ ಬಂತು. ನಾನು ತುಟಿ ಮುಚ್ಚಿ ನಗುವುದನ್ನು ಕಲಿತೆ. ಫೋಟೋಗಳಲ್ಲೆಲ್ಲ ನಾನು ಏನನ್ನೋ ಕದ್ದು ಬಾಯಲ್ಲಿಟ್ಟುಕೊಂಡವನ ಹಾಗೆ ಕಾಣುತ್ತೇನೆ.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಮಾನ್ವಿ ತಾಲೂಕಿನ ಹಿರೇಕೊಟ್ನೆಕಲ್‌ನ ಶಾಲೆಗೆ ನನ್ನನ್ನು ಮಾಸ್ತರನನ್ನಾಗಿ ಹಾಕಿದರು. ಅಲ್ಲಿಗೆ ಹೋದ ಎರಡನೆಯ ವರ್ಷ, ಇಷ್ಟು ದಿನ ತೆಪ್ಪಗಿದ್ದ ಆ ಹಲ್ಲು ಎದ್ದು ಕುಳಿತಿತು. ಮೇಲ್ದುಟಿ ಊದಿ ಮೂಗಿಗೆ ತಾಗಿತು. ಮಕ್ಕಳು ನಾನು ಸಿಟ್ಟಾಗಿದ್ದೇನೆಂದು ತಿಳಿದು ವಾರವೆಲ್ಲ ಮಗ್ಗಿಯನ್ನು ತಪ್ಪಿಲ್ಲದೆ ಒಪ್ಪಿಸಿದರು. ಲವಂಗ ಇಟ್ಟೆ, ಉಪ್ಪುನೀರು ಮುಕ್ಕಳಿಸಿದೆ, ಗುಳಿಗೆ ನುಂಗಿದೆ. ಊತ ಇಳಿಯುವುದು, ನಾಲ್ಕು ದಿನಕ್ಕೆ ಮತ್ತೆ ಏರುವುದು.

ರಾಯಚೂರಿಗೆ ಹೋಗಿ ಸರಕಾರಿ ದವಾಖಾನೆಯ ಹಲ್ಲಿನ ಡಾಕ್ಟರರಿಗೆ ತೋರಿಸಿದೆ. ಬೆಂಚಿನ ತುಂಬ ಗಲ್ಲ ಹಿಡಿದುಕೊಂಡು ಕುಳಿತ ಜನ. ಡಾಕ್ಟರರು ಸಭ್ಯ ಮನುಷ್ಯ. ಹಲ್ಲಿನೊಳಗಿನ ನರ ಎಂದೋ ಸತ್ತು ಈಗ ಕೀವಾಗಿದೆ ಎಂದು ತಿಳಿಸಿ ಹೇಳಿದರು. ಕೀಳುವುದಾದರೆ ಐದು ನಿಮಿಷದ ಕೆಲಸ, ಖರ್ಚೂ ಇಲ್ಲ. ಉಳಿಸಿಕೊಳ್ಳಬೇಕಾದರೆ ರೂಟ್ ಕೆನಾಲ್ ಮಾಡಬೇಕು. ಅಂದರೆ ಹಲ್ಲನ್ನು ಅಲ್ಲೇ ಬಿಟ್ಟು, ಕೊರೆದು, ಒಳಗಿನ ಸತ್ತ ನರ ತೆಗೆದು, ಬೇರಿನ ತನಕ ಸ್ವಚ್ಛ ಮಾಡಿ ಮದ್ದು ತುಂಬುವುದು. ಅದರ ಸಾಮಾನು ತಮ್ಮಲ್ಲಿಲ್ಲ, ಬಜಾರಿನಲ್ಲಿ ಹೊಸದಾಗಿ ಬಂದ ಖಾಸಗಿ ಡಾಕ್ಟರೊಬ್ಬರಿದ್ದಾರೆ, ವಿಚಾರಿಸಿ ನೋಡಿ ಎಂದರು. ವಿಚಾರಿಸಿದೆ. ಮೂರು ಸಲ ಬರಬೇಕು, ನನ್ನ ಅರ್ಧ ಸಂಬಳಕ್ಕಿಂತ ಹೆಚ್ಚು ಕೊಡಬೇಕು. ನೋವು, ಸೂಜಿ, ಮೂರು ಸಲದ ಹೆದರಿಕೆ ಒಂದು ಕಡೆ. ಇಪ್ಪತ್ತನಾಲ್ಕು ವರ್ಷಕ್ಕೆ, ಇನ್ನೂ ಮದುವೆಯಾಗದವನ ಬಾಯಲ್ಲಿ ಬಾಗಿಲಿನಷ್ಟು ಕಿಂಡಿ ಇನ್ನೊಂದು ಕಡೆ. ಯಾವುದನ್ನೂ ಆರಿಸಲಾಗದೆ ಹಾಗೇ ಬಸ್ಸು ಹತ್ತಿ ಬಂದೆ.

ಈ ಪೇಚನ್ನು ನಮ್ಮ ಹೆಡ್‌ಮಾಸ್ತರ ಗುಂಡಾಚಾರ್ಯರ ಮುಂದೆ ಹೇಳಿಕೊಂಡದ್ದು ನಾನು ಮಾಡಿದ ತಪ್ಪು. ಅವರು ಮಾನ್ವಿಯಿಂದ ದಿನಾ ಸೈಕಲ್ ಮೇಲೆ ಬರುವ ವೈಷ್ಣವರು, ಒಳ್ಳೆಯ ಮನಸ್ಸಿನವರು, ಯಾವ ವಿಷಯವನ್ನಾದರೂ ಎರಡು ಕಾಲಮು ಮಾಡಿ ಬರೆಯದೆ ಯೋಚಿಸಲಾರರು. ನಾಲ್ಕನೆಯ ತರಗತಿಯ ಬೋರ್ಡಿನ ನಡುವೆ ಗೆರೆ ಎಳೆದು ಒಂದು ಕಡೆ ಸರಕಾರಿ, ಇನ್ನೊಂದು ಕಡೆ ಖಾಸಗಿ ಎಂದು ಬರೆದರು. ಸರಕಾರಿಯ ಕೆಳಗೆ: ಹಲ್ಲು ಕೀಳುತ್ತಾರೆ, ಸಾಲು ಉದ್ದ, ಹಲ್ಲು ಕೀಳುವ ಇಕ್ಕಳ ಎಷ್ಟು ಬಾಯಿ ಕಂಡಿದೆಯೋ ತಿಳಿಯದು. ಖಾಸಗಿಯ ಕೆಳಗೆ: ನರ ಕೊಲ್ಲುತ್ತಾರೆ, ಕುರ್ಚಿ ಮೆತ್ತಗೆ, ಇಕ್ಕಳವನ್ನು ಕಣ್ಣೆದುರೇ ಕುದಿಸುತ್ತಾರೆ. ಕುದಿಸುವ ವಿಷಯದ ಕೆಳಗೆ ಎರಡು ಗೆರೆ ಎಳೆದರು. ಎಂಜಲಿನ ಭಯ ಅವರಿಗೆ ನೋವಿನ ಭಯಕ್ಕಿಂತ ದೊಡ್ಡದು.

ಬೋರ್ಡಿನ ಮೇಲೆ ಬರೆದದ್ದನ್ನೆಲ್ಲ ಕೇಳದೆಯೇ ಬರೆದುಕೊಳ್ಳಬೇಕು ಎಂಬುದು ಅವರೇ ಮಾಡಿದ ನಿಯಮ. ಮಕ್ಕಳು ಬರೆದುಕೊಂಡರು. ಮರುದಿನ ಬಾಯಿಪಾಠ ಮಾಡಿಕೊಂಡು ಬಂದು ರಾಗವಾಗಿ ಒಪ್ಪಿಸಿದರು. ಸರಕಾರಿಯಲ್ಲಿ ಕೀಳುತ್ತಾರೆ, ಖಾಸಗಿಯಲ್ಲಿ ಕೊಲ್ಲುತ್ತಾರೆ ಎಂದು ಮಗ ಮನೆಯಲ್ಲಿ ಕೂಗುವುದನ್ನು ಕೇಳಿದ ಒಬ್ಬ ತಂದೆ, ಎಲ್ಲಿ ಯಾರು ಯಾರನ್ನು ಕೊಂದರು ಎಂದು ವಿಚಾರಿಸಲು ಶಾಲೆಗೆ ಬಂದ.

ಗುಂಡಾಚಾರ್ಯರಿಗೆ ಇನ್ನೊಂದು ತೊಡಕು ಹೊಳೆಯಿತು. ಖಾಸಗಿಯಲ್ಲಿ ಮಾಡಿಸಿದರೆ ಸತ್ತ ಹಲ್ಲು ಜೀವ ಇರುವ ತನಕ ಬಾಯಲ್ಲೇ ಇರುತ್ತದೆ. ಸತ್ತದ್ದನ್ನು ಬಾಯಲ್ಲಿಟ್ಟುಕೊಂಡು ಬೆಳಗಿನ ಪ್ರಾರ್ಥನೆ ಹೇಳಿಸಬಹುದೇ? ಎರಡು ದಿನ ಪ್ರಾರ್ಥನೆಯನ್ನು ನನ್ನಿಂದ ತಪ್ಪಿಸಿ ತಾವೇ ಹೇಳಿಸಿದರು. ಮೂರನೆಯ ದಿನ ಸೈಕಲ್ಲಿನಿಂದ ಇಳಿಯುತ್ತಲೇ ಹತ್ತಿರ ಕರೆದರು.

“ನೋಡ್ರಿ, ಕೂದಲಕ್ಕ ಜೀವ ಇಲ್ಲ, ಉಗುರಿಗೆ ಜೀವ ಇಲ್ಲ. ಆದ್ರೂ ನಾವು ಪೂಜಿಗೆ ಕೂಡ್ತೀವಿ ಹೌದಲ್ಲ? ಹಲ್ಲೂ ಹಂಗs. ದೋಷ ಇಲ್ಲ. ಖಾಸಗೀನೇ ಮಾಡಿಸ್ರಿ.”

ಇಷ್ಟೆಲ್ಲ ಶಾಸ್ತ್ರ ನೋಡಿದವರಿಗೆ ನನ್ನ ಸಂಬಳ ಮಾತ್ರ ನೆನಪಾಗಲಿಲ್ಲ. ನಾನು ಸರಕಾರಿಯಲ್ಲೇ ಕೀಳಿಸಿಬಿಡುವುದು ಎಂದು ಒಳಗೊಳಗೇ ತೀರ್ಮಾನಿಸಿ, ಎರಡೂ ದವಾಖಾನೆಯ ವಿಷಯ ಬರೆದು ಅಪ್ಪನಿಗೊಂದು ಪತ್ರ ಹಾಕಿದೆ. ಅವನಿಗೆ ಓದು ಬರದು, ಮಸರಕಲ್‌ನ ಮಾಸ್ತರರು ಓದಿ ಹೇಳಿ, ಅವನು ಹೇಳಿದ್ದನ್ನು ಹೇಳಿದಂತೆಯೇ ಕಾರ್ಡಿನಲ್ಲಿ ಬರೆದು ಕಳಿಸಿದರು: “ಬರೋ ಸೋಮವಾರ ರಾಯಚೂರು ಬಸ್‌ಸ್ಟ್ಯಾಂಡಿನಾಗ ಇರ್ತೀನಿ. ಅಲ್ಲೀತನಕ ಹಲ್ಲಿಗೆ ಯಾರ ಕೈನೂ ಹಚ್ಚಿಸಬ್ಯಾಡ.”

ಸೋಮವಾರ ನಾನು ಇಳಿದಾಗ ಅಪ್ಪ ಕಂಬಳಿ ಹೊದ್ದು, ಟವೆಲಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಕಂಬಕ್ಕೆ ಒರಗಿ ನಿಂತಿದ್ದ. ಯಾವಾಗ ಬಂದೆ ಎಂದರೆ ಮಾತಿಲ್ಲ. ಊಟ ಆಯಿತೇ ಎಂದರೆ ತಲೆ ಅಲ್ಲಾಡಿಸಿದ. ಪೇಟೆಯ ಧೂಳಿಗೆ ಬಾಯಿ ಮುಚ್ಚಿಕೊಂಡಿದ್ದಾನೆ ಎಂದುಕೊಂಡೆ. ಸರಕಾರಿ ದವಾಖಾನೆಯ ಕಡೆ ಹೊರಟರೆ ನನ್ನ ರಟ್ಟೆ ಹಿಡಿದು ಬಜಾರಿನ ಕಡೆಗೆ ತಿರುಗಿಸಿದ. ಐದು ನಿಮಿಷದ ಕೆಲಸಕ್ಕೆ ಅಷ್ಟೊಂದು ಹಣ ಯಾಕೆ ಸುರಿಯಬೇಕು ಎಂದು ನಾನು ವಾದಕ್ಕಿಳಿದೆ. ಅವನು ಉತ್ತರ ಕೊಡದೆ ಮುಂದೆ ಮುಂದೆ ನಡೆದ. ಊತದ ನೋವು, ಬಿಸಿಲು, ಅವನ ಮೌನ ಎಲ್ಲ ಸೇರಿ ನನಗೆ ಸಿಟ್ಟು ನೆತ್ತಿಗೇರಿತು. ಮಗನ ಹಲ್ಲನ್ನು ಖಾಸಗಿ ಡಾಕ್ಟರಿಗೆ ತೋರಿಸಿದೆ ಎಂದು ಸಂತೆಯಲ್ಲಿ ಮೆರೆಯುವುದಕ್ಕೇ ನೀನು ಇದನ್ನೆಲ್ಲ ಮಾಡುತ್ತಿರುವುದು ಎಂದು ನಡುಬೀದಿಯಲ್ಲಿ ಅಂದುಬಿಟ್ಟೆ. ಅಪ್ಪ ಒಂದು ಗಳಿಗೆ ನಿಂತ. ಹಿಂತಿರುಗಿ ನನ್ನನ್ನು ನೋಡಿದ. ಮತ್ತೆ ನಡೆದ. ಆ ಮಾತನ್ನು ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ಬಟ್ಟೆ ಅಂಗಡಿಯೊಂದರ ಮೇಲೆ, ಇಕ್ಕಟ್ಟಿನ ಮೆಟ್ಟಿಲು ಹತ್ತಿದರೆ ಖಾಸಗಿ ದವಾಖಾನೆ. ಡಾಕ್ಟರು ಬೆಂಗಳೂರು ಕಡೆಯ ಎಳೆಯ ಪ್ರಾಯದವರು. ನನ್ನ ಬಾಯಿ ನೋಡಿ ಮುಗಿಸಿ, ಮೊದಲು ಹೇಳಿದ ಮೊತ್ತವನ್ನೇ ಹೇಳಿದರು. ಆಗ ಅಪ್ಪ ಎದ್ದು ಹೋಗಿ ಅವರ ಬಲಗೈ ಹಿಡಿದು ತನ್ನ ಕಂಬಳಿಯ ಕೆಳಗೆ ಎಳೆದುಕೊಂಡ.

ಕುರಿ ಸಂತೆಯನ್ನು ನೋಡದವರಿಗೆ ಒಂದು ಮಾತು ಹೇಳಬೇಕು. ಅಲ್ಲಿ ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕಂಬಳಿಯ ಮರೆಯಲ್ಲಿ ಕೈಗೆ ಕೈ ಕೊಟ್ಟು, ಬೆರಳು ಹಿಡಿದು ತಿಳಿಸುತ್ತಾರೆ. ಸುತ್ತ ನಿಂತ ಹತ್ತು ಜನಕ್ಕೆ ಏನೂ ಗೊತ್ತಾಗುವುದಿಲ್ಲ. ಕೈಯನ್ನು ಎರಡು ಸಲ ಕುಲುಕಿದರೆ ಒಪ್ಪಿದಂತೆ, ಆಮೇಲೆ ಮಾತು ತಿರುಗಿಸುವಂತಿಲ್ಲ. ಡಾಕ್ಟರು ಪಾಪ, ಮುದುಕನಿಗೆ ಜೀವಕ್ಕೆ ಸರಿಯಿಲ್ಲ ಎಂದುಕೊಂಡು ಕಂಬಳಿಯೊಳಗೇ ನಾಡಿ ಹುಡುಕತೊಡಗಿದರು. ಅಪ್ಪ ಅವರ ಬೆರಳುಗಳನ್ನು ಹಿಡಿದು ಒತ್ತಿದ. ಡಾಕ್ಟರು ಹೆದರಬೇಡಿ ಎಂದು ಧೈರ್ಯ ಹೇಳುತ್ತ ಅವನ ಕೈಯನ್ನು ಎರಡು ಸಲ ಕುಲುಕಿದರು. ಅಪ್ಪ ಕೈ ಬಿಟ್ಟ, ಸೊಂಟದ ಚೀಲ ಬಿಚ್ಚಿ ಹಣವನ್ನು ಮೇಜಿನ ಮೇಲಿಟ್ಟು ಕುಳಿತುಕೊಂಡ.

ಡಾಕ್ಟರು ಹಣ ನೋಡಿದರು, ನನ್ನನ್ನು ನೋಡಿದರು. ಹೇಳಿದ್ದರಲ್ಲಿ ಅರ್ಧವೇ ಇತ್ತು. ನಾನು ನಡೆದದ್ದನ್ನು ತಿಳಿಸಿದೆ.

“ಅಂದರೆ ನಾನು ಒಪ್ಪಿಕೊಂಡೆನಾ?” ಎಂದರು.

“ಎರಡು ಸಲ ಕುಲುಕೀರಿ ಸಾರ್” ಎಂದೆ.

ಅವರು ತಮ್ಮ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡು ನಕ್ಕರು. ಕೊಟ್ಟ ಕೈ ಕೊಟ್ಟಾಯಿತು ಎಂದು ಕೆಲಸಕ್ಕೆ ಇಳಿದೇಬಿಟ್ಟರು. ಒಳ್ಳೆಯವರು.

ಸೂಜಿ ಕೊಟ್ಟು, ಹಲ್ಲು ಕೊರೆಯಲು ಶುರು ಮಾಡಿ ಎರಡು ನಿಮಿಷ ಆಗಿರಲಿಲ್ಲ, ಕರೆಂಟು ಹೋಯಿತು. ಮೂಲೆಯಲ್ಲಿ ಹೊಲಿಗೆ ಯಂತ್ರದ ಹಾಗೆ ಕಾಲಿನಿಂದ ತುಳಿಯುವ ಹಳೆಯ ಕೊರೆಯುವ ಯಂತ್ರವಿತ್ತು. ತುಳಿಯುವ ಕಂಪೌಂಡರ್ ಊಟಕ್ಕೆ ಹೋಗಿದ್ದ. ಬಾಯಿ ತೆರೆದುಕೊಂಡು ಮಲಗಿದ ನನ್ನನ್ನು ಬಿಟ್ಟರೆ ಕೋಣೆಯಲ್ಲಿ ಇನ್ನೊಬ್ಬ ಮನುಷ್ಯ ಅಪ್ಪ. ಡಾಕ್ಟರು ಅವನ ಕಡೆ ನೋಡಿದರು. ಅಪ್ಪ ಕೆರ ಬಿಚ್ಚಿಟ್ಟು, ಎರಡೂ ಕೈಯಿಂದ ನಮಸ್ಕಾರ ಮಾಡಿ, ಯಂತ್ರದ ಮೇಲೆ ಕಾಲಿಟ್ಟ.

ಬದುಕಿನುದ್ದಕ್ಕೂ ಕುರಿಗಳ ಹಿಂದೆ ನಡೆದ ಕಾಲು; ದಣಿವೆಂಬುದಿಲ್ಲ. ತೊಂದರೆ ಬೇರೆಯದೇ ಆಯಿತು. ಅವನಿಗೆ ನನ್ನ ಮುಖ ಕಾಣುತ್ತಿರಲಿಲ್ಲ, ನನ್ನ ಪಾದಗಳು ಮಾತ್ರ ಕಾಣುತ್ತಿದ್ದವು. ಹೆದರಿಕೆಗೆ ನನ್ನ ಕಾಲ್ಬೆರಳು ಮುದುಡಿದಾಗಲೆಲ್ಲ ಯಂತ್ರ ನಿಧಾನವಾಗುತ್ತಿತ್ತು. ಡಾಕ್ಟರು ಜೋರಾಗಿ ಜೋರಾಗಿ ಎನ್ನುವರು. ಬೆರಳು ಬಿಚ್ಚಿಕೊಳ್ಳುವ ತನಕ ಅಪ್ಪ ಜೋರು ಮಾಡುವವನಲ್ಲ. ಕೊನೆಗೆ ಡಾಕ್ಟರು ಒಂದು ದುಪ್ಪಟಿ ತಂದು ನನ್ನ ಪಾದ ಮುಚ್ಚಿದರು.

ಮುಗಿಸಿ ಕೆಳಗಿಳಿದು ಹೋಟೆಲಿನಲ್ಲಿ ಚಹಾಕ್ಕೆ ಕುಳಿತೆವು. ನನ್ನ ತುಟಿ ಮರಗಟ್ಟಿತ್ತು. ಮೊದಲ ಗುಟುಕು ಬಾಯಿಗೆ ಹೋಗುವ ಬದಲು ಗಲ್ಲದಿಂದ ಇಳಿದು ಅಂಗಿಯ ಗುಂಡಿಗಳ ಮೇಲೆ ಹರಿಯಿತು. ಅದನ್ನು ಕಂಡು ಅಪ್ಪ ನಕ್ಕುಬಿಟ್ಟ. ಟವೆಲು ಜಾರಿತು. ನಾನು ಅಭ್ಯಾಸದಂತೆ ಹಲ್ಲು ನೋಡಿದೆ.

ಮೇಲಿನ ಸಾಲಿನಲ್ಲಿ ಎಡಗಡೆಯ ಮುಂದಿನ ಹಲ್ಲು ಇರಲಿಲ್ಲ. ಆ ಜಾಗದಲ್ಲಿ ಕೆಂಪಾದ ಹತ್ತಿಯ ಉಂಡೆ ಇತ್ತು.

“ಯಪ್ಪಾ, ಹಲ್ಲೆಲ್ಲಿ?” ಎಂದೆ.

ಅಪ್ಪ ಹತ್ತಿಯನ್ನು ತೆಗೆದು ಎಲೆಯಲ್ಲಿ ಸುತ್ತಿಟ್ಟ. ಇನ್ನು ಮುಚ್ಚಿಡುವ ಹಾಗಿರಲಿಲ್ಲ. ನಿಧಾನವಾಗಿ, ತೊದಲುತ್ತ, ನಡೆದದ್ದನ್ನು ಹೇಳಿದ. ಹಿಂದಿನ ದಿನವೇ ರಾಯಚೂರಿಗೆ ಬಂದು ಬಸ್‌ಸ್ಟ್ಯಾಂಡಿನಲ್ಲಿ ಉಳಿದು, ಅವತ್ತು ಬೆಳಿಗ್ಗೆ ಸಾಲಿನಲ್ಲಿ ಮೊದಲಿಗನಾಗಿ ನಿಂತು ಸರಕಾರಿ ದವಾಖಾನೆಯಲ್ಲಿ ತನ್ನ ಹಲ್ಲು ಕೀಳಿಸಿಕೊಂಡಿದ್ದ. ನನ್ನ ಹಲ್ಲಿನ ಜಾಗದ ಹಲ್ಲನ್ನೇ. ಗಟ್ಟಿ ಹಲ್ಲನ್ನು ಡಾಕ್ಟರರು ಕೀಳುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಅದಕ್ಕೆ ಮಸರಕಲ್‌ನಿಂದ ರಾಯಚೂರಿನ ತನಕ ಬಸ್ಸಿನಲ್ಲಿ ಕುಳಿತು ಅದನ್ನು ಕೈಯಿಂದ ಅಲುಗಿಸಿ ಅಲುಗಿಸಿ ಸಡಿಲ ಮಾಡಿಕೊಂಡು ಬಂದು, ಹದಿನೈದು ದಿನದಿಂದ ಕಣ್ಣಿಗೆ ನಿದ್ದೆ ಹತ್ತಿಲ್ಲ ಎಂದು ಡಾಕ್ಟರರ ಮುಂದೆ ಅತ್ತಿದ್ದ.

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಂಥ ಹುಚ್ಚುತನ ಯಾಕೆ ಮಾಡಿದೆ ಎಂದು ಬಯ್ದೆ.

“ಹೊಸಾ ಔಷಧ ಮೊದಲು ಯಾವ ಕುರಿಗೆ ಕೊಡ್ತೀವಲೇ?” ಎಂದ ಅಪ್ಪ. “ಡಾಕ್ಟರ ಕೈ ಚಲೋ ಅದ, ಸುಳ್ಳು ಹೇಳಬಾರ್ದು. ಹೂ ಕಿತ್ತಂಗ ಕಿತ್ತ. ಆದ್ರ ಕಿತ್ತಾಗಿಂದ ನಾಲಿಗಿ ಆ ಸಂದ್ಯಾಗ ಹೋಗಿ ಹೋಗಿ ಬರಾಕತ್ತದ, ನಿಂದ್ರವಲ್ದು. ನಂದೇನು, ಮುಗಿಯಾಕ ಬಂದದ. ನಿಂದು ಇನ್ನಾ ಎಷ್ಟು ವರ್ಷ ಅದ. ಅಷ್ಟೂ ದಿನ ನಾಲಿಗಿ ಅಲ್ಲೇ ಹೊಕ್ಕೊಂತ ಕುಂತ್ರ ಸಾಲ್ಯಾಗ ಏನು ಹೇಳಿಕೊಡ್ತಿ?”

ಒಂದು ಹಲ್ಲು ಸುಮ್ಮನೆ ಹೋಯಿತಲ್ಲ ಎಂದೆ.

“ಕುರಿಗೆ ಮ್ಯಾಲಿನ ಸಾಲಿನಾಗ ಮುಂದಿನ ಹಲ್ಲೇ ಇರಂಗಿಲ್ಲ. ಅದೇನು ಸತ್ತದೇನು?” ಎಂದ. ಆಮೇಲೆ ಚಹಾದ ಬಟ್ಟಲನ್ನೇ ನೋಡುತ್ತ, ಸಂತೆಯಲ್ಲಿ ಎಂದೂ ಕೇಳದ ಸಣ್ಣ ದನಿಯಲ್ಲಿ ಹೇಳಿದ, “ಆ ಟಗರಿನ ಮುಂದ ನಿನ್ನ ನಿಂದ್ರಿಸಿದಾಂವ ನಾನs ಅಲ್ಲೇನು.”

ಹದಿನಾರು ವರ್ಷ ಅವನು ಆ ಟಗರಿನ ಮಾತನ್ನೇ ಎತ್ತಿರಲಿಲ್ಲ. ನಾನಂತೂ ಅದನ್ನು ಒಂದು ತಮಾಷೆಯ ಕತೆಯಾಗಿ ಊರೆಲ್ಲ ಹೇಳಿಕೊಂಡು ತಿರುಗಿದ್ದೆ. ಅವನ ಮುಂದೆಯೂ ಎಷ್ಟೋ ಸಲ ಹೇಳಿ ನಗಿಸಿದ್ದೆ. ನಗುವಾಗ ಅವನು ನನ್ನ ಬಾಯಿ ನೋಡುತ್ತಿದ್ದ ಎಂಬುದು ಅವತ್ತು ಹೊಳೆಯಿತು.

ಉಳಿದ ಎರಡು ಸಲವೂ ಅಪ್ಪ ಜೊತೆಗೆ ಬಂದ. ಕರೆಂಟು ಹೋಗಲಿಲ್ಲ, ಅದು ಅವನಿಗೆ ಸ್ವಲ್ಪ ಬೇಸರ ತಂದಿತೆಂದು ನನ್ನ ಗುಮಾನಿ. ಗುಂಡಾಚಾರ್ಯರು ವಿಷಯ ಕೇಳಿ ಬೋರ್ಡಿನ ಮುಂದೆ ಹೋಗಿ ನಿಂತರು. ಸೀಮೆಸುಣ್ಣ ಕೈಯಲ್ಲಿ ಹಿಡಿದು, ಯಾವ ಕಾಲಮಿನಲ್ಲಿ ಏನು ಬರೆಯುವುದೆಂದು ತಿಳಿಯದೆ, ಹಾಗೇ ಇಟ್ಟು ಬಂದರು.

ಅಪ್ಪನಿಗೆ ಆ ಹಲ್ಲು ಹೋದದ್ದರಿಂದ ತಿನ್ನುವುದಕ್ಕೇನೂ ತೊಂದರೆಯಾಗಲಿಲ್ಲ. ತೊಂದರೆಯಾದದ್ದು ನೂಲಿಗೆ. ಕಿಂಡಿಯಲ್ಲಿ ಉಣ್ಣೆಯ ಎಳೆ ಜಾರುತ್ತಿತ್ತು, ಕಡಿಯಲು ಬರುತ್ತಿರಲಿಲ್ಲ. ಕುಡುಗೋಲು ಇತ್ತು, ನಾನು ರಾಯಚೂರಿನಿಂದ ಕತ್ತರಿಯನ್ನೂ ತಂದುಕೊಟ್ಟಿದ್ದೆ. ಅದನ್ನು ಅವನು ಕುರಿಗಳ ಗೊರಸಿಗೆ ಬಳಸುತ್ತಿದ್ದ. ನಾನು ರಜೆಗೆ ಮಸರಕಲ್‌ಗೆ ಹೋದಾಗಲೆಲ್ಲ ಕದಿರು ನಿಲ್ಲಿಸಿ, ನೂಲನ್ನು ನನ್ನ ಬಾಯಿಯ ಹತ್ತಿರ ಹಿಡಿದು, “ಕಡಿ” ಎನ್ನುತ್ತಿದ್ದ. ಮದುವೆಯಾಗಿ ಎರಡು ಮಕ್ಕಳ ತಂದೆಯಾದ ಮೇಲೂ ಹೀಗೇ. ಆ ಹಲ್ಲಿನಿಂದ ಏನನ್ನೂ ಕಚ್ಚಬೇಡ ಎಂದು ಡಾಕ್ಟರು ಹೇಳಿದ್ದನ್ನು ಬಾಯಿಬಿಡದೆ, ನಾನು ಬಗ್ಗಿ ಆ ಸೀಸದ ಬಣ್ಣದ ಹಲ್ಲಿನಿಂದಲೇ ಕಡಿಯುತ್ತಿದ್ದೆ. ನೂಲು ಪಟಕ್ಕೆಂದು ತುಂಡಾಗುತ್ತಿತ್ತು. ತುಂಡಾದ ನೂಲು ನೆಲಕ್ಕೆ ಬಿದ್ದರೂ ಅಪ್ಪ ಅದನ್ನು ಎತ್ತಿಕೊಳ್ಳುತ್ತಿರಲಿಲ್ಲ. ನನ್ನ ತುಟಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸರಿಸಿ, ಹಲ್ಲು ಅಲುಗುತ್ತದೋ ಏನೋ ಎಂದು ಒಮ್ಮೆ ಮುಟ್ಟಿ ನೋಡುತ್ತಿದ್ದ.